ಅರಸನಿಗೆ ರೊಟ್ಟಿ ತಿನ್ನುವ ಪಾಠ

ಎರೆಗೋಟೆಯ ಪ್ರಧಾನಿ ನರಹರಯ್ಯ ಮಾಡಿದ ತಪ್ಪು ಇಷ್ಟೇ: ಎಪ್ಪತ್ತು ಹಳ್ಳಿಗಳನ್ನು ಉದ್ಧಾರ ಮಾಡುವ ಯೋಜನೆ ಬರೆದ, ಒಂದು ಹಳ್ಳಿಯನ್ನೂ ಕೇಳಲಿಲ್ಲ.

ಮೂರು ತಿಂಗಳು ಅರಮನೆಯ ತಂಪು ಚಾವಡಿಯಲ್ಲಿ ಕೂತು ಬರೆದದ್ದು ಅದು. ಪಂಡಿತರು ಹಳ್ಳಿ ಹಳ್ಳಿಗೆ ಹೋಗಿ ಒಕ್ಕಲುತನ ಕಲಿಸಬೇಕು. ಪಾಠ ನಲವತ್ತು ದಿನ. ಪಾಠ ಮುಗಿಯುವ ತನಕ ಯಾರೂ ಬೀಜ ಬಿತ್ತಕೂಡದು ಎಂದು ಆಗಲೇ ಡಂಗುರ ಹೊಡೆಸಿಯಾಗಿತ್ತು. ಪಂಡಿತರು ತಯಾರಾಗಲು ಕೋಟೆಯಲ್ಲೊಂದು ಬೋಧಶಾಲೆ ಬೇಕಲ್ಲ, ಅದರ ಬಾಗಿಲಿಗೆ ಕಬ್ಬಿಣದ ಹೂಬಳ್ಳಿ ಬಡಿಯಲು ಹಳ್ಳಿಗಳ ಕಮ್ಮಾರರನ್ನೆಲ್ಲ ಎಳೆದು ತಂದಿದ್ದರು.

ಸಭೆಯಲ್ಲಿ ನರಹರಯ್ಯ ಎದೆಯುಬ್ಬಿಸಿ ಹೇಳಿದ, "ಇದರಲ್ಲಿ ಒಂದು ಕೊರತೆ ತೋರಿಸಿದವರ ಹೊಲದಲ್ಲಿ ನಾನೇ ಎತ್ತು ಹೊಡೆಯುತ್ತೇನೆ."

ಎಲ್ಲರೂ ತಲೆದೂಗಿದರು. ಆಸ್ಥಾನದ ಮಾತುಗಾರ ಭರಮಣ್ಣ ಮಾತ್ರ ಸುಮ್ಮನೆ ಕೂತಿದ್ದ. ಅರಸನನ್ನು ನಗಿಸುವುದು ಅವನ ಕೆಲಸ, ಆದರೆ ಅವತ್ತು ಅವನಿಗೇ ನಗು ಬಂದಿರಲಿಲ್ಲ. ಬೆಳಿಗ್ಗೆ ಕರಿಹೊಲದಿಂದ ಅಕ್ಕ ದುರುಗವ್ವ ಹೇಳಿಕಳಿಸಿದ್ದಳು. ಉತ್ತರಿ ಮಳೆ ಚೆನ್ನಾಗಿ ಬಿದ್ದಿದೆ, ಎರೆಮಣ್ಣು ಹದಕ್ಕೆ ಬಂದಿದೆ. ಇನ್ನು ಐದು ದಿನ, ಆಮೇಲೆ ನೆಲ ಕಲ್ಲಾಗಿ ಬಿರಿಯುತ್ತದೆ. ಬಿತ್ತುವ ಕೂರಿಗೆಯ ಹಲ್ಲು ಮೊಂಡಾಗಿವೆ. ಅವನ್ನು ತಟ್ಟಿಕೊಡುವ ಕಮ್ಮಾರ ಕಾಳೋಜ ಕೋಟೆಯಲ್ಲಿ ಹೂಬಳ್ಳಿ ಬಡಿಯುತ್ತಿದ್ದಾನೆ.

"ನಿನ್ನ ಅರಸ ನಮ್ಮ ಬಾಯಿಗೆ ಪಾಠ ಹಾಕ್ತಾನೋ ರೊಟ್ಟಿ ಹಾಕ್ತಾನೋ, ಕೇಳಿ ತಿಳಿಸು" ಎಂದಿತ್ತು ಅವಳ ಮಾತಿನ ಕೊನೆ.

ನೇರ ಹೇಳಿ ಫಲವಿಲ್ಲವೆಂದು ಭರಮಣ್ಣನಿಗೆ ಗೊತ್ತಿತ್ತು. ಹಿಂದಿನ ದಿನ ಮೂರು ಹಳ್ಳಿಯ ಗೌಡರು ಬಂದು ಗೋಗರೆದಿದ್ದರು. ದೂರು ಕೇಳುವ ಅಧ್ಯಾಯ ನಲವತ್ತನೇ ದಿನಕ್ಕಿದೆ ಎಂದು ಪ್ರಧಾನಿ ಅವರನ್ನು ಹೊರಗಟ್ಟಿದ್ದ.

ಹಾಗಾಗಿ ಭರಮಣ್ಣ ಎದ್ದು ಯೋಜನೆಯನ್ನು ಹೊಗಳತೊಡಗಿದ. ಎಷ್ಟು ಹೊಗಳಿದನೆಂದರೆ ಪ್ರಧಾನಿಗೇ ನಾಚಿಕೆಯಾಯಿತು. ಕೊನೆಗೆ ಕೈಮುಗಿದು, "ಪ್ರಭು, ಇಂಥ ಉದ್ಧಾರ ಹಳ್ಳಿಯವರಿಗೆ ಮಾತ್ರ ಸಿಗುವುದು ಅನ್ಯಾಯ. ಅರಮನೆಗೂ ವಿಸ್ತರಿಸೋಣ. ಇದೇ ನಿಯಮ, ಒಂದಕ್ಷರ ಬದಲಿಲ್ಲದೆ: ಪಾಠ ಮುಗಿಯದೆ ಯಾವುದಕ್ಕೂ ಕೈ ಹಾಕಕೂಡದು" ಎಂದ.

ಅರಸ ಖುಷಿಯಿಂದ ಮುದ್ರೆ ಒತ್ತಿದ. ನರಹರಯ್ಯನೂ ಮೀಸೆ ತಿರುವಿದ.

ಮಾರನೆಯ ದಿನ ಅರಸ ಗರಡಿಯಲ್ಲಿ ಎರಡು ಜೋಡಿ ಕುಸ್ತಿ ಆಡಿ, ಹೊಟ್ಟೆ ಬೆನ್ನಿಗಂಟಿ ಊಟಕ್ಕೆ ಬಂದ. ಹಂಚಿನಿಂದ ಆಗತಾನೆ ಇಳಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆಯ ಮುದ್ದೆ. ಅರಸ ಕೈಚಾಚಿದ. ಭರಮಣ್ಣ ತಟ್ಟೆಯ ಮೇಲೆ ಬುಟ್ಟಿ ಮುಚ್ಚಿದ.

"ಪಾಠ ಮುಗಿಯದೆ ಮುಟ್ಟುವ ಹಾಗಿಲ್ಲ, ಪ್ರಭು. ನಿಮ್ಮದೇ ಮುದ್ರೆ."

ಪಕ್ಕದಲ್ಲಿ ಪಂಡಿತನೊಬ್ಬ ಓಲೆ ಬಿಚ್ಚಿದ. ಪ್ರಧಾನಿಯ ಯೋಜನೆಗೆ ಬಿತ್ತನೆಯ ಅಧ್ಯಾಯ ಬರೆದುಕೊಟ್ಟವನೇ ಅವನು. ಅವನು ಗಂಟಲು ಸರಿಮಾಡಿಕೊಂಡು ರೊಟ್ಟಿಯ ಉತ್ಪತ್ತಿ, ರೊಟ್ಟಿಯ ಆಕಾರ, ಮುರಿಯಬೇಕಾದ ದಿಕ್ಕು ಎಂದು ಓದುತ್ತ ಹೋದ. ಅರಸನ ಹೊಟ್ಟೆ ಗುರುಗುಟ್ಟಿದ್ದು ಬಾಗಿಲ ಕಾವಲುಗಾರನಿಗೂ ಕೇಳಿಸಿತು.

"ಇದು ಎಷ್ಟು ಹೊತ್ತಿನ ಪಾಠ?"

"ನಲವತ್ತು ದಿನದ್ದು, ಪ್ರಭು. ಬೆಣ್ಣೆ ಬರುವುದು ಮೂವತ್ತೊಂದನೇ ದಿನ."

ಅರಸ ಪಂಡಿತನ ಕಡೆ ತಿರುಗಿ, ನೀವು ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದ. ತಾನು ಹುಟ್ಟಿದಾಗಿನಿಂದ ಅನ್ನವನ್ನೇ ಉಂಡವನು, ಜೋಳ ಒಗ್ಗುವುದಿಲ್ಲ ಎಂದ ಪಂಡಿತ.

"ಅವರು ಕೂರಿಗೆಯನ್ನೂ ಮುಟ್ಟಿದವರಲ್ಲ" ಎಂದ ಭರಮಣ್ಣ. "ಬಿತ್ತನೆಯ ಅಧ್ಯಾಯದಲ್ಲಿ 'ಗಂಡಸು ಕೂರಿಗೆಗೆ ಬೀಜ ಬಿಡುವ ವಿಧಾನ' ಎಂದು ಬರೆದಿದ್ದಾರೆ. ನಮ್ಮ ಕಡೆ ಗಂಡಸು ಎತ್ತು ಹೊಡೆಯುತ್ತಾನೆ, ಕೂರಿಗೆಯ ಬಟ್ಟಲಿಗೆ ಕಾಳು ಬಿಡುವುದು ಹೆಂಗಸಿನ ಮುಷ್ಟಿ. ಆ ಹೆಂಗಸರನ್ನು ಪಾಠಕ್ಕೂ ಕರೆದಿಲ್ಲ, ಮಾತಿಗೂ ಕರೆದಿಲ್ಲ."

ಅರಸ ಬುಟ್ಟಿ ಕಿತ್ತೆಸೆದ. ಅಷ್ಟರಲ್ಲಿ ರೊಟ್ಟಿ ಆರಿ ಚರ್ಮವಾಗಿತ್ತು.

"ನನ್ನ ಹಸಿವು ನನಗೆ ಗೊತ್ತು. ತಿನ್ನುವುದನ್ನು ನನಗೆ ಯಾರು ಕಲಿಸಬೇಕು?"

"ಕರಿಹೊಲದವರೂ ಇದನ್ನೇ ಕೇಳುತ್ತಿದ್ದಾರೆ, ಪ್ರಭು. ವ್ಯತ್ಯಾಸ ಒಂದೇ. ನಿಮ್ಮ ರೊಟ್ಟಿ ಆರಿದರೆ ಅಡುಗೆಯವಳು ಇನ್ನೊಂದು ಬಡಿದು ಕೊಡುತ್ತಾಳೆ. ನೆಲದ ಹದ ಆರಿದರೆ ಅದನ್ನು ಬಡಿದು ಕೊಡುವವರು ಯಾರೂ ಇಲ್ಲ. ಇವತ್ತಿಗೆ ನಾಲ್ಕು ದಿನ ಉಳಿದಿದೆ."

ಅರಸ ಪ್ರಧಾನಿಯನ್ನು ಕರೆಸಿದ. ಬಿತ್ತನೆ ತಡೆದ ಆಜ್ಞೆಯನ್ನು ಆ ಕ್ಷಣವೇ ಹರಿದು ಹಾಕಿ, ಭರಮಣ್ಣನನ್ನು ಕೇಳಿದ, "ಸರಿ, ಆ ಹಳ್ಳಿಗಳಿಗೆ ನಾನು ಏನು ಕೊಡಲಿ?"

ನರಹರಯ್ಯ ಹೊಸ ಯೋಜನೆ ಬರೆಯಲು ಲೇಖನಿ ಹಿಡಿದು ಸಿದ್ಧನಾದ.

"ಹೊಸದಾಗಿ ಏನೂ ಕೊಡಬೇಡಿ" ಎಂದ ಭರಮಣ್ಣ. "ಅವರಿಂದ ಎತ್ತಿಕೊಂಡು ಬಂದದ್ದನ್ನು ವಾಪಸು ಕಳಿಸಿ. ಕಮ್ಮಾರರನ್ನು."

ಅರಸ ನಕ್ಕ, ನೆತ್ತಿ ಹತ್ತುವಷ್ಟು ನಕ್ಕ. ಕುದುರೆ ಹತ್ತಿಸಿ ಕಮ್ಮಾರರನ್ನೆಲ್ಲ ಅಂದೇ ಅವರವರ ಊರಿಗೆ ಕಳಿಸಿದ. ಭರಮಣ್ಣ ಬಹುಮಾನವೆಂದು ಕೇಳಿದ್ದು ಪ್ರಧಾನಿ ಸಭೆಯಲ್ಲಿ ಆಡಿದ್ದ ಮಾತೊಂದನ್ನೇ.

ಹದ ಆರುವ ಹಿಂದಿನ ದಿನ ನರಹರಯ್ಯ ಪಂಚೆ ಎತ್ತಿಕಟ್ಟಿ ಕರಿಹೊಲದಲ್ಲಿ ಎತ್ತು ಹೊಡೆದ. ಹಿಂದಿನಿಂದ ದುರುಗವ್ವ ಹೊಸ ಹಲ್ಲಿನ ಕೂರಿಗೆಗೆ ಕಾಳು ಬಿಡುತ್ತ ಬಂದಳು.

"ಸಾಲು ಸೊಟ್ಟಾತಲ್ಲೋ ಯಪ್ಪಾ" ಎಂದಳು. "ಬರೆಯೋ ಮುಂದನೂ ಹಿಂಗ ಬರೆದೀಯೇನು?"

ನಕ್ಕಿದ್ದು ಸಾಕು. ನಾಳೆ ನಿಮ್ಮೂರಿಗೂ ಉದ್ಧಾರದ ಕಾಗದ ಹಿಡಿದು ಯಾರಾದರೂ ಬರುತ್ತಾರೆ. ಹಾರ ಹಾಕಬೇಡಿ, ವೇದಿಕೆ ಕಟ್ಟಬೇಡಿ. ಹೊಲದ ಬದುವಿನ ಮೇಲೆ ನಿಲ್ಲಿಸಿ. ಬಿತ್ತುವ ಹೆಂಗಸರನ್ನು ಮುಂದೆ ಕರೆದು, ಯಾರನ್ನು ಕೇಳಿ ಇದನ್ನು ಬರೆದಿರಿ ಎಂದು ಕೇಳಿ. ಉತ್ತರ ಬರುವ ತನಕ ಹೆಬ್ಬೆಟ್ಟು ಒತ್ತಬೇಡಿ.