ಡ್ರೈವರಿಲ್ಲದ ಕಾರಿನಿಂದ ಇಳಿದ ಡ್ರೈವರು

ವಕೀಲ ಶೇಷಗಿರಿರಾಯರು ತಮ್ಮ ಡ್ರೈವರ್ ತಿಪ್ಪೇಶಿಯ ಮೇಲೆ ಗುಡುಗಿದರು: “ತಾನೇ ಓಡೋ ಬಾಡಿಗೆ ಕಾರು ಬಂದಿದೆ. ಇವತ್ತು ಮದುವೆಗೆ ಅದರಲ್ಲೇ ಹೋಗ್ತೀನಿ. ನಾಳೆಯಿಂದ ಮನೆ ಕಾರೂ ಬೇಡ, ನೀನೂ ಬೇಡ!”

ತಿಪ್ಪೇಶಿ ಫೋನಿನಲ್ಲಿ ಆ ಕಾರನ್ನು ಹುಡುಕಿ ನೋಡಿದ. ಅದು ನಾಲ್ಕು ಜನ ಸೀಟು ಹಂಚಿಕೊಂಡು ಹೋಗುವ ಕಾರು. ರಾಯರ ಪಕ್ಕದ ಸೀಟನ್ನು ತಾನೇ ಬುಕ್ ಮಾಡಿದ. ಇಸ್ತ್ರಿ ಪಂಚೆ ಉಟ್ಟು, ಶಲ್ಯ ಹೊದ್ದು, “ಸ್ವಲ್ಪ ಸರೀರಿ ಸ್ವಾಮಿ” ಅಂತ ರಾಯರ ಪಕ್ಕದಲ್ಲೇ ಕೂತ.

ಛತ್ರದ ಬಾಗಿಲಲ್ಲಿ ಹೆಣ್ಣಿನ ತಂದೆ ಇಬ್ಬರಿಗೂ ಪನ್ನೀರು ಚಿಮುಕಿಸಿ, ಯಾರೋ ದೊಡ್ಡವರೆಂದು ತಿಪ್ಪೇಶಿಯನ್ನೇ ಮೊದಲು ಒಳಗೆ ಕರೆದರು.

“ರೀ, ಅವನು ನನ್ನ ಡ್ರೈವರು!” ಎಂದರು ರಾಯರು.

“ಒಳ್ಳೇ ತಮಾಷೆ ರಾಯರೇ! ಡ್ರೈವರೇ ಇಲ್ಲದ ಕಾರಿನಿಂದ ಡ್ರೈವರು ಹೇಗೆ ಇಳೀತಾನೆ?”

ಪಂಕ್ತಿಯಲ್ಲೂ ಪಕ್ಕದಲ್ಲೇ ಕೂರಬೇಕಾಗಿ ಬಂದ ರಾಯರು ತಿಪ್ಪೇಶಿಯ ಕಿವಿಯಲ್ಲಿ ಉಸುರಿದರು: “ನಾಳೆ ನಮ್ಮ ಕಾರು ತೊಳೆದು ನಿಲ್ಲಿಸೋ ಮಾರಾಯ. ನೀನು ಮುಂದೆ, ನಾನು ಹಿಂದೆ!”

ತಿಪ್ಪೇಶಿ ಉಸ್ಸಪ್ಪಾ ಎಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.