ನೇರ ನಿಂತ ಸ್ಟೀರಿಂಗ್

ಗುಡ್ಡದ ಮೇಲೆ, ಹೊಳೆಯ ದಡದಲ್ಲಿ ಒಂದು ಆಶ್ರಮವಿತ್ತು. ಆಶ್ರಮಕ್ಕೆ ಒಂದು ಜೀಪಿತ್ತು.

ಸುತ್ತಲಿನ ಹಟ್ಟಿಗಳಿಗೆ ಬೇರೆ ವಾಹನವಿರಲಿಲ್ಲ. ಕಾಯಿಲೆಯವರನ್ನೂ ಬಸುರಿಯರನ್ನೂ ಕೆಳಗಿನ ಊರಿನ ಆಸ್ಪತ್ರೆಗೆ ಆ ಜೀಪೇ ತಲುಪಿಸಬೇಕಾಗಿತ್ತು.

ಗುರು ಮುಪ್ಪಿನಯ್ಯನವರು ಸಂನ್ಯಾಸಕ್ಕೆ ಮೊದಲು ಗಣಿಯ ಲಾರಿಗಳನ್ನು ರಿಪೇರಿ ಮಾಡುತ್ತಿದ್ದವರು. ಶಿಷ್ಯ ದ್ಯಾವಣ್ಣ ಜೀಪು ಓಡಿಸುತ್ತಿದ್ದ.

ದಾರಿಯ ಬಂಡೆಗಳು ಜೀಪಿನ ಹೊಟ್ಟೆಗೆ ಬಡಿಯುತ್ತಿದ್ದವು. ಆದ್ದರಿಂದ ದ್ಯಾವಣ್ಣ ಎತ್ತರದ ಹೊಸ ಸ್ಪ್ರಿಂಗುಗಳನ್ನು ತರಿಸಿ ತಾನೇ ಕೂರಿಸಿದ. ಜೀಪು ನಾಲ್ಕು ಬೆರಳಿನಷ್ಟು ಮೇಲೆದ್ದಿತು. ಹಟ್ಟಿಯವರೆಲ್ಲ ಬಂದು ನೋಡಿ ಹೊಗಳಿದರು.

"ಎತ್ತರ ಬದಲಾದರೆ ಗಾಲಿಗಳು ಮುಖ ಮಾಡುವ ದಿಕ್ಕೂ ಬದಲಾಗುತ್ತದೆ. ಅದನ್ನು ಸರಿಹೊಂದಿಸುವ ಅಲೈನ್‌ಮೆಂಟ್ ಮಾಡಿದೆಯಾ?" ಎಂದು ಗುರು ಕೇಳಿದರು.

"ಮಾಡುತ್ತೇನೆ ಗುರುಗಳೇ."

ಮರುದಿನ ಜೀಪು ನೇರವಾಗಿಯೇ ಓಡಿತು. ಆದರೆ ಹಾಗೆ ಓಡುವಾಗ ಸ್ಟೀರಿಂಗ್ ಮಾತ್ರ ಎಡಕ್ಕೆ ವಾಲಿ ನಿಲ್ಲುತ್ತಿತ್ತು.

ದ್ಯಾವಣ್ಣ ಸ್ಟೀರಿಂಗಿನ ನಡುವಿನ ನಟ್ಟನ್ನು ಬಿಚ್ಚಿದ. ಸ್ಟೀರಿಂಗನ್ನು ಎಳೆದು ತೆಗೆದು, ನೇರ ಕಾಣುವಂತೆ ತಿರುಗಿಸಿ, ಮತ್ತೆ ಕೂರಿಸಿದ. ಗಾಲಿಗಳನ್ನು ಮುಟ್ಟಲಿಲ್ಲ.

"ಸರಿಹೋಯಿತೇ?" ಎಂದು ಗುರು ಬಂದು ಕೇಳಿದರು.

"ನೋಡಿ ಗುರುಗಳೇ, ಎಷ್ಟು ನೇರವಾಗಿದೆ."

ಗುರು ಸ್ಟೀರಿಂಗನ್ನು ನೋಡಿದರು. ತಲೆಯಾಡಿಸಿ ಒಳಗೆ ಹೋದರು.

ಮಳೆ ಹಿಡಿಯಿತು.

ಒಂದು ಸಂಜೆ ಹಟ್ಟಿಯಿಂದ ತಾಯಕ್ಕ ಬಂದಳು. ಅವಳ ಸೊಸೆ ಮಾದೇವಿಗೆ ದಿನ ತುಂಬಿತ್ತು. ಹೊಟ್ಟೆಯಲ್ಲಿ ಮಗು ಅಡ್ಡ ಮಲಗಿದೆ, ಆಪರೇಷನ್ ಆಗಬೇಕು, ನೋವು ಬರುವವರೆಗೆ ಕಾಯಬೇಡಿ ಎಂದು ಆಸ್ಪತ್ರೆಯ ಡಾಕ್ಟರಮ್ಮ ಹೇಳಿ ಕಳಿಸಿದ್ದರು.

"ನಾಳೆ ಬೆಳಗ್ಗೆ ಕರ್ಕಂಡು ಬತ್ತೀನಿ ಸ್ವಾಮಿ. ಆದ್ರೆ ಈ ನಿಮ್ಮ ಶಿಷ್ಯನ ಗಾಡಿ ಹತ್ತೋಕೆ ನಂಗೆ ಭಯ."

"ಯಾಕಮ್ಮ, ಗಾಡಿಗೇನಾಗಿದೆ?" ದ್ಯಾವಣ್ಣನಿಗೆ ಸಿಟ್ಟು ಬಂತು.

"ಮೊನ್ನೆ ಸಂತೆಗೆ ಹೋದಾಗ ಕೆಸರಲ್ಲಿ ಕುಡುಕನ ಹಂಗೆ ಆ ಕಡೆ ಈ ಕಡೆ ಹೋಯ್ತಲ್ಲೋ. ನಾನು ಕಣ್ಣು ಮುಚ್ಕಂಡು ಇದ್ದಬದ್ದ ದೇವರನ್ನೆಲ್ಲ ಕರೆದೆ."

"ಮಳೆಯಲ್ಲಿ ಯಾವ ಗಾಡಿ ಜಾರಲ್ಲ?"

"ಸ್ಪ್ರಿಂಗ್ ಹಾಕೋಕೆ ಮುಂಚೆ ಇದೇ ಗಾಡಿ ಜಾರ್ತಿರ್ಲಿಲ್ಲ ಕಣಪ್ಪ!"

ತಾಯಕ್ಕ ಹೋದಳು. ಗುರು ಕಂದೀಲು ಹಿಡಿದು ಜೀಪಿನ ಮುಂದಿನ ಗಾಲಿಯ ಬಳಿ ಕುಳಿತರು.

"ಕಣ್ಣು ಮುಚ್ಚು. ಟೈರನ್ನು ಅಡ್ಡಲಾಗಿ ಸವರು."

ದ್ಯಾವಣ್ಣ ಸವರಿದ. ಬೆಕ್ಕಿನ ಬೆನ್ನಿನಂತೆ ನುಣುಪಾಗಿತ್ತು.

"ಈಗ ಹಿಂದಕ್ಕೆ."

ರಬ್ಬರು ಓರೆಯಾಗಿ ಸವೆದಿತ್ತು; ಅಂಗೈಗೆ ತುರಿಮಣೆಯ ಹಲ್ಲು ತಾಗಿದಂತಾಯಿತು. ಅವನು ಕೈಯನ್ನು ಹಿಂದೆಳೆದುಕೊಂಡ.

"ಎದ್ದು ನಿಲ್ಲು. ಬಲಪಾದವನ್ನು ಹೊರಕ್ಕೆ ತಿರುಗಿಸು. ಹಾಗೆಯೇ ಹೊಳೆಯವರೆಗೆ ಹೋಗಿ ಬಾ. ದಾರಿ ಬಿಡಬೇಡ."

ದ್ಯಾವಣ್ಣ ಹೋಗಿ ಬಂದ. ಬರುವಾಗ ಕುಂಟುತ್ತಿದ್ದ.

"ದಾರಿ ಬಿಟ್ಟೆಯಾ?"

"ಇಲ್ಲ. ನೇರವಾಗಿಯೇ ಬಂದೆ."

"ಅದರ ಬೆಲೆ ತೆತ್ತವರು ಯಾರು?"

ದ್ಯಾವಣ್ಣ ಮೊಣಕಾಲನ್ನು ಒತ್ತಿಕೊಂಡ.

"ಗುರುಗಳೇ, ನಾನು ಗಾಲಿಗಳನ್ನು ಸರಿಮಾಡಲಿಲ್ಲ. ಸ್ಟೀರಿಂಗನ್ನೇ ಬಿಚ್ಚಿ ತಿರುಗಿಸಿಟ್ಟೆ."

"ಏಕೆ?"

"ನೀವು ಬಂದರೆ ಅದನ್ನೇ ನೋಡುತ್ತೀರಿ ಎಂದುಕೊಂಡೆ."

"ನಾನೂ ಅದನ್ನೇ ನೋಡಿದೆ," ಎಂದರು ಗುರು. "ಬಾಗಿ ಗಾಲಿಯನ್ನು ಮುಟ್ಟಲಿಲ್ಲ. ಬೆಳಗಾಗಲಿ."

ಬೆಳಗಾಗುವ ಹೊತ್ತಿಗೆ ಮಳೆ ನಿಂತಿತ್ತು. ಗುರು ಅಂಗಳದ ಸಮತಟ್ಟಾದ ಹಾಸುಗಲ್ಲಿನ ಮೇಲೆ ಜೀಪನ್ನು ನಿಲ್ಲಿಸಿದರು. ಅದರ ಎರಡೂ ಪಕ್ಕದಲ್ಲಿ ಗೂಟಗಳನ್ನಿಟ್ಟು ಹೊಲಿಗೆಯ ದಾರವನ್ನು ಎಳೆದು ಕಟ್ಟಿದರು. ದಾರದಿಂದ ಗಾಲಿಯ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಎಂದು ಅಳೆದರೆ ಗಾಲಿ ಯಾವ ಕಡೆ ಮುಖ ಮಾಡಿದೆ ಎಂಬುದು ತಿಳಿಯುತ್ತದೆ.

ದ್ಯಾವಣ್ಣ ಅಳೆಯಲು ಬಾಗಿದ.

"ತಾಳು," ಎಂದರು ಗುರು. "ತಾಯಕ್ಕನೂ ಸೊಸೆಯೂ ಬರಲಿ."

"ಬರುವಷ್ಟರಲ್ಲಿ ಮುಗಿಸಿಬಿಡುತ್ತೇನೆ ಗುರುಗಳೇ."

"ಖಾಲಿ ಜೀಪನ್ನು ಸರಿಮಾಡಿ ಯಾರನ್ನು ಕರೆದೊಯ್ಯುತ್ತೀಯೆ?"

ತಾಯಕ್ಕ ಸೊಸೆಯ ಕೈ ಹಿಡಿದುಕೊಂಡು ಬಂದಳು. ಗುರು ಇಬ್ಬರನ್ನೂ ಒಳಗೆ ಕೂರಿಸಿದರು. ಚಾಲಕನ ಜಾಗದಲ್ಲಿ ತಾವೇ ಕುಳಿತು ಜೀಪನ್ನು ಒಂದಿಷ್ಟು ಹಿಂದಕ್ಕೂ ಮುಂದಕ್ಕೂ ಉರುಳಿಸಿದರು. ಹೊಸ ಸ್ಪ್ರಿಂಗುಗಳು ಭಾರವನ್ನು ಹೊತ್ತು, ದಾರಿಯಲ್ಲಿ ಓಡುವಾಗಿನ ಎತ್ತರಕ್ಕೆ ಇಳಿದವು.

"ಏನ್ ಸ್ವಾಮಿ, ನಮ್ಮನ್ನ ತೂಕಕ್ಕೆ ಹಾಕ್ತಾ ಇದೀರಾ?" ತಾಯಕ್ಕ ಕೇಳಿದಳು. "ನನ್ನ ತೂಕ ಮಾತ್ರ ಊರಿಗೆ ಹೇಳ್ಬೇಡಿ."

ಮಾದೇವಿ ನಕ್ಕಳು. ನಗುತ್ತಲೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

ದ್ಯಾವಣ್ಣ ಅಳೆದ. ಎಡಗಾಲಿ ಸರಿಯಿತ್ತು. ಬಲಗಾಲಿಯ ಮುಖ ಹೊರಕ್ಕೆ ತಿರುಗಿತ್ತು. ಅವನು ಜೀಪಿನ ಕೆಳಗೆ ತೂರಿ, ಒದ್ದೆ ಕಲ್ಲಿನ ಮೇಲೆ ಬೆನ್ನು ಹಾಕಿ ಮಲಗಿ, ಆ ಗಾಲಿಯನ್ನು ತಿರುಗಿಸುವ ಸರಳನ್ನು ಸ್ವಲ್ಪಸ್ವಲ್ಪವಾಗಿ ಹೊಂದಿಸಿದ. ಪ್ರತಿ ಸಲವೂ ಗುರು ಜೀಪನ್ನು ಉರುಳಿಸಿದರು. ಪ್ರತಿ ಸಲವೂ ಅವನು ಎದ್ದು ಬಂದು ಅಳೆದ.

ಕೊನೆಗೆ ಅಳತೆ ಕೂಡಿಬಂತು. ದಾರವನ್ನು ಬಿಚ್ಚಿ, ದ್ಯಾವಣ್ಣ ಜೀಪನ್ನು ಆಶ್ರಮದ ಬಾಗಿಲವರೆಗೆ ಓಡಿಸಿ ನೋಡಿದ. ಅದು ಎತ್ತಲೂ ಎಳೆಯದೆ ಹಗುರವಾಗಿ ಸಾಗಿತು.

ಆದರೆ ಈಗ ಸ್ಟೀರಿಂಗ್ ಬಲಕ್ಕೆ ವಾಲಿ ನಿಂತಿತ್ತು.

ಅಂದು ತಾನು ಎಷ್ಟು ತಿರುಗಿಸಿಟ್ಟಿದ್ದನೋ ಅಷ್ಟೇ ಅದು ಈಗ ಸೊಟ್ಟಗಾಗಿತ್ತು. ಮಾದೇವಿಯನ್ನು ಬೀಳ್ಕೊಡಲು ಹಟ್ಟಿಯವರು ಬಾಗಿಲಲ್ಲಿ ನೆರೆದಿದ್ದರು. ದ್ಯಾವಣ್ಣನ ಮುಖ ಕೆಂಪೇರಿತು. ಅವನು ಸ್ಪ್ಯಾನರ್ ಎತ್ತಿಕೊಂಡ.

"ಅತ್ತೆ," ಎಂದಳು ಮಾದೇವಿ. ಅವಳ ಹಣೆ ಬೆವರಿತ್ತು. "ನೋವು ಶುರುವಾಯ್ತು ಅನ್ಸುತ್ತೆ."

"ಒಂದು ಗಳಿಗೆ, ಇದನ್ನು ನೇರ ಮಾಡಿ ಹೊರಟುಬಿಡುತ್ತೇನೆ," ಎಂದ ದ್ಯಾವಣ್ಣ.

ಗುರು ಅವನ ಕೈಯಿಂದ ಸ್ಪ್ಯಾನರನ್ನು ತೆಗೆದುಕೊಂಡರು.

"ಆ ಗಳಿಗೆ ನಿನ್ನದಲ್ಲ. ಹೊರಡು."

ತಾಯಕ್ಕ ಮುಂದಕ್ಕೆ ಬಾಗಿ ನೋಡಿದಳು. "ಅಯ್ಯಯ್ಯೋ, ಇದು ಸೊಟ್ಟ ಐತಲ್ಲೋ! ಇದರಾಗೆ ಹೆಂಗಪ್ಪ ಘಾಟಿ ಇಳಿಯೋದು?"

ಹಟ್ಟಿಯವರೆಲ್ಲ ಅವನತ್ತ ನೋಡಿದರು.

"ಸ್ಟೀರಿಂಗ್ ಸೊಟ್ಟ ಇದೆ ತಾಯಕ್ಕ. ಗಾಲಿ ನೇರ ಇದೆ," ಎಂದ ದ್ಯಾವಣ್ಣ. ಜನರತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದ: "ಇಷ್ಟು ದಿನ ಗಾಲಿ ಸೊಟ್ಟ ಇತ್ತು. ನಾನು ಮುಚ್ಚಿಟ್ಟಿದ್ದೆ."

ತಾಯಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಹಿಂದಕ್ಕೆ ಒರಗಿ, ಸೊಸೆಯ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡಳು.

"ಹಂಗಂದ್ರೆ ನಡಿ ಮಗ."

ಘಾಟಿಯ ಮೊದಲ ತಿರುವಿನಲ್ಲಿ ಕೆಸರು ಹರಿಯುತ್ತಿತ್ತು. ಒಂದು ಪಕ್ಕ ಪ್ರಪಾತ. ದ್ಯಾವಣ್ಣ ಮೆಲ್ಲಗೆ ಸ್ಟೀರಿಂಗ್ ತಿರುಗಿಸಿದ. ಜೀಪು ತನ್ನ ಸಾಲನ್ನು ಬಿಡಲಿಲ್ಲ. ಎರಡನೆಯ ತಿರುವಿನಲ್ಲಿಯೂ ಬಿಡಲಿಲ್ಲ. ಆಮೇಲೆ ಅವನು ಸ್ಟೀರಿಂಗಿನ ಕಡೆ ನೋಡಲಿಲ್ಲ. ಹಿಂದಿನಿಂದ ಬರುತ್ತಿದ್ದ ನರಳಿಕೆಯನ್ನು ಕೇಳುತ್ತ ದಾರಿಯನ್ನಷ್ಟೇ ನೋಡಿದ.

ಅವನು ಮರಳಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಗುರು ಹೊಳೆಯ ಮೆಟ್ಟಿಲ ಮೇಲೆ ಕುಳಿತಿದ್ದರು.

"ಹೆಣ್ಣುಮಗು ಗುರುಗಳೇ. ತಾಯಿಯೂ ಕ್ಷೇಮ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರಮ್ಮ."

ಗುರು ಕಣ್ಣು ಮುಚ್ಚಿ ಕೈಮುಗಿದರು. ಬಳಿಕ ಪಕ್ಕದಲ್ಲಿದ್ದ ಸ್ಪ್ಯಾನರನ್ನು ಅವನತ್ತ ಚಾಚಿದರು.

"ಹೋಗು. ಈಗ ಸ್ಟೀರಿಂಗನ್ನು ನೇರ ಮಾಡು."

ದ್ಯಾವಣ್ಣ ಅದನ್ನು ತೆಗೆದುಕೊಳ್ಳಲಿಲ್ಲ.

"ಅದೇ ನಟ್ಟು, ಅದೇ ಕೈ, ಅದೇ ಕೆಲಸ. ಅಂದು ತಪ್ಪಾದದ್ದು ಇಂದು ಹೇಗೆ ಸರಿಯಾಗುತ್ತದೆ ಗುರುಗಳೇ?"

"ಅಂದು ಸ್ಟೀರಿಂಗ್ ನಿನ್ನ ಪರವಾಗಿ ಮಾತನಾಡಿತು," ಎಂದರು ಗುರು. "ಇಂದು ಗಾಲಿಯ ಪರವಾಗಿ ಮಾತನಾಡಲಿ."