ಜವರನ ಕೈಗೆ ಬಂದ ಹುಲ್ಲು

ಹತ್ತಿರ ಬಂದು ಕೂತ್ಕೊಳ್ಳಿ, ನಾನು ಒಂದೇ ಸಲ ಹೇಳೋದು. ಗಾಲ್ಫ್ ಮೈದಾನದಲ್ಲಿ ಸಾಕಮ್ಮ ಅಂತ ಒಬ್ಬಳು ಮಾಲಿ ಇದ್ದಳು. ಅವಳಿಗೆ ಮೂವತ್ತು ದಾಟಿದ ಮಗ, ಜವರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದೇ ಅವಳ ಗೋಳು.

ಸಾಕಮ್ಮನಿಗೆ ಮಂಡಿ ಹಿಡಿದುಹೋಯಿತು. ಮೇಲ್ವಿಚಾರಕ ಪೊನ್ನಪ್ಪ ಕರೆದು ಹೇಳಿದ, "ಚಳಿಗಾಲದ ಪಂದ್ಯದವರೆಗೂ ನಿನ್ನ ಮಗ ಹುಲ್ಲು ನೋಡ್ಕೊಳ್ಳಲಿ. ಸರಿಯಾಗಿದ್ದರೆ ಕೆಲಸ ಅವನಿಗೆ, ನೀವಿರೋ ಈ ಮಾಲಿ ಮನೆ ನಿಮಗೆ. ಇಲ್ಲದಿದ್ದರೆ ಮನೆ ಖಾಲಿ ಮಾಡಿ." ಆವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ.

ಬೇಸಿಗೆ ಬಂತು. "ಮಗಾ, ಹುಲ್ಲು ಬಾಡಿದಾಗ ನೀರು ಬಿಡು" ಅಂದಳು. ಹುಲ್ಲು ಬಾಡಿದ್ದು ನಡುಮಧ್ಯಾಹ್ನ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಕುದಿನೀರನ್ನ ಆಗಲೇ ಬಿಟ್ಟ. ಹುಲ್ಲು ಬೆಂದು ಹಳದಿಯಾಯಿತು.

"ಲೋ ಪೆದ್ದ, ನೀರು ಬಿಡೋದು ಬೆಳಗಿನ ಜಾವ. ದಿನಾ ಬೆಳಗಿನ ಜಾವ, ತಪ್ಪಿಸಬೇಡ."

"ಅಷ್ಟೇ ತಾನೆ? ತಪ್ಪಿಸಲ್ಲ ಬಿಡು."

ತಪ್ಪಿಸಲೂ ಇಲ್ಲ. ಮಳೆಗಾಲ ಬಂತು. ಧೋ ಅಂತ ಸುರಿಯೋ ಮಳೆಯಲ್ಲಿ ಗೋಣಿಚೀಲ ಹೊದ್ದು, ಪೈಪು ಹಿಡಿದು ನಿಂತ. ಹುಲ್ಲಿಗೆ ಬೂಷ್ಟು ಹತ್ತಿತು, ರೊಟ್ಟಿಯಗಲ ಕಂದು ಕಲೆ. ಪೊನ್ನಪ್ಪ ಕಲೆ ನೋಡಿದ, ಸಾಕಮ್ಮನ ಮುಖ ನೋಡಿದ, ಹೊರಟುಹೋದ. ಅವಳು ಮಗನನ್ನ ಕೂಗಿ ಕರೆದಳು.

"ಹುಲ್ಲು ನೆನೆದರೆ ರೋಗ ಬರುತ್ತೆ ಕಣೋ. ಹುಲ್ಲಿನ ಮೇಲೆ ಒದ್ದೆ ಏನೇ ಕಂಡರೂ ಬಿದಿರುಕೋಲಲ್ಲಿ ಸವರಿ ಬೀಳಿಸು."

ಚಳಿಗಾಲ ಬಂತು. ದಿನಾ ಇಬ್ಬನಿ ಸವರಿದ, ಚೆನ್ನಾಗೇ ಸವರಿದ. ಕಲೆ ಹೋಗಿ ಹುಲ್ಲು ಚಿಗುರಿತು. ಒಂದು ಬೆಳಿಗ್ಗೆ ಆಡೋಕೆ ಬಂದ ಸಾಹೇಬರೊಬ್ಬರು ಹುಲ್ಲಿನ ಮೇಲೆ ನಿಂತಿದ್ದರು, ಬೂಟು ಒದ್ದೆ. ಜವರ ಬೂಟನ್ನೂ ಸವರಿದ. ಸಾಹೇಬರು ದೊಪ್ಪನೆ ಬಿದ್ದರು, ಹಿಮ್ಮಡಿ ಊರಿದ ಕಡೆ ನೆಲ ತೂತಾಯಿತು.

"ಪಂದ್ಯ ನಾಡಿದ್ದು" ಅಂದ ಪೊನ್ನಪ್ಪ. "ಇನ್ನೊಂದು ತಪ್ಪಾದರೆ ಗಂಟುಮೂಟೆ ಕಟ್ಟಿ."

ಸಾಕಮ್ಮ ಮಗನ ಎರಡು ಕೈಯೂ ಹಿಡ್ಕೊಂಡಳು. "ನಿನ್ನ ದಮ್ಮಯ್ಯ ಕಣೋ. ತೂತು ಕಂಡ ಕಡೆಯೆಲ್ಲ ಮಣ್ಣು ತುಂಬು, ಬೀಜ ಹಾಕು, ಅಂಗೈಯಷ್ಟು ಸಮ ಮಾಡು."

ಪಂದ್ಯದ ದಿನ ಮಂಜು ಕವಿದಿತ್ತು. ಸಾಕಮ್ಮ ಮೈದಾನದ ಅಂಚಲ್ಲಿ ಕೂತಿದ್ದಳು. ಪೊನ್ನಪ್ಪ ಬಗ್ಗಿ ಹುಲ್ಲು ಸವರಿ ನೋಡಿದ. ಒಂದು ಕಲೆ ಇಲ್ಲ, ಒಂದು ತಗ್ಗಿಲ್ಲ. "ಕೆಲಸ ನಿನ್ನ ಮಗನಿಗೇ, ಸಾಕಮ್ಮ" ಅಂದ. ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮಂಜು ಸರಿಯಿತು. ಮೊದಲ ಆಟಗಾರ ಮೆಲ್ಲಗೆ ಚೆಂಡು ತಳ್ಳಿದ. ಚೆಂಡು ಉರುಳಿತು, ಉರುಳಿತು, ಆಚೆ ಬದಿಗೆ ಇಳಿದುಹೋಯಿತು. ಅದು ಬೀಳಬೇಕಾಗಿದ್ದ ಗುಂಡಿ ಇಲ್ಲ, ಗುಂಡಿಯ ಬಾವುಟವೂ ಇಲ್ಲ. ಪೊನ್ನಪ್ಪ ಎರಡನೆಯ ಗುಂಡಿಗೆ ಓಡಿದ, ಮೂರನೆಯದಕ್ಕೆ ಓಡಿದ. ಅಲ್ಲೂ ಇಲ್ಲ.

ಆಗ ಬಂದ ಜವರ, ಒಂಬತ್ತು ಬಾವುಟದ ಕೋಲನ್ನ ಸೌದೆಹೊರೆ ಥರ ಕಟ್ಟಿ ಹೆಗಲ ಮೇಲೆ ಹೊತ್ಕೊಂಡು.

"ಯಾರೋ ಕೋಲು ನೆಟ್ಟು ಒಂಬತ್ತು ಕಡೆ ತೂತು ಮಾಡಿದ್ದರಮ್ಮ. ಒಂದನ್ನೂ ಬಿಟ್ಟಿಲ್ಲ, ಎಲ್ಲ ಮುಚ್ಚಿ ಬೀಜ ಹಾಕಿದೀನಿ. ನೀರೂ ಬಿಟ್ಟೆ, ಬೆಳಗಿನ ಜಾವಾನೇ."